ಮಸಿಯಲ್ಲಿ ಉಳಿದ ರೋಮ್

ಕಲ್ಲು ಬಾಳುತ್ತದೆ, ಕಾಗದ ಹಾಳಾಗುತ್ತದೆ ಎಂಬುದು ಲೋಕದ ನಂಬಿಕೆ. ಅದಕ್ಕೇ ನಮ್ಮ ಅರಸರು ತಮ್ಮ ದಾನಧರ್ಮಗಳನ್ನು ಶಿಲೆಯ ಮೇಲೆ ಕೆತ್ತಿಸಿದರು. ಸೂರ್ಯಚಂದ್ರರಿರುವವರೆಗೂ ಅವು ನಿಲ್ಲಲೆಂದು ಹಾರೈಸಿದರು. ಆದರೆ ಈ ನಂಬಿಕೆ ತಲೆಕೆಳಗಾದ ಪ್ರಸಂಗಗಳೂ ಚರಿತ್ರೆಯಲ್ಲಿ ಉಂಟು. ಅಂಥ ಒಂದನ್ನು ಇಲ್ಲಿ ಹೇಳಬೇಕಾಗಿದೆ.

ರೋಮ್ ನಗರದ ಪಾಲಟೈನ್ ಗುಡ್ಡದ ಬುಡದಲ್ಲಿ ಸೆಪ್ಟಿಮಿಯಸ್ ಸೆವೆರಸ್ ಎಂಬ ಚಕ್ರವರ್ತಿಯು ಕ್ರಿ. ಶ. 203ರಲ್ಲಿ ಒಂದು ಭವ್ಯವಾದ ಕಟ್ಟಡವನ್ನು ನಿಲ್ಲಿಸಿದನು. ಅದಕ್ಕೆ ಸೆಪ್ಟಿಜೋನಿಯಂ ಎಂದು ಹೆಸರು. ವಾಸಕ್ಕೆಂದು ಕಟ್ಟಿದ ಅರಮನೆಯಲ್ಲ ಅದು. ಆಪ್ಪಿಯನ್ ಹೆದ್ದಾರಿಯಿಂದ ನಗರವನ್ನು ಹೊಗುವವರ ಕಣ್ಣು ತುಂಬಲೆಂದು ಕಂಬಗಳ ಸಾಲನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಏರಿಸಿದ ಒಂದು ಮಹಾಮುಖಮಂಟಪ. ಸಾಮ್ರಾಜ್ಯವು ಅಳಿದ ಮೇಲೂ ಅದರ ಒಂದು ಮೂಲೆ ಮೂರು ಅಂತಸ್ತಿನ ಎತ್ತರಕ್ಕೆ ಉಳಿದುಕೊಂಡಿತ್ತು. ಸುಮಾರು ಸಾವಿರದ ನಾನೂರು ವರ್ಷ ಗಾಳಿಮಳೆಗೂ ಭೂಕಂಪಕ್ಕೂ ಜಗ್ಗದೆ ನಿಂತಿದ್ದ ಆ ಮೂಲೆಯನ್ನು 1588-89ರಲ್ಲಿ ಪೋಪ್ ಐದನೆಯ ಸಿಕ್ಸ್‌ಟಸ್ ಕಳಚಿಸಿ, ಅದರ ಕಲ್ಲುಗಳನ್ನು ತನ್ನ ಹೊಸ ಕಟ್ಟಡಗಳಿಗೆ ಸಾಗಿಸಿದನು. ಇಂದು ಅಲ್ಲಿಗೆ ಹೋದವರಿಗೆ ಅಡಿಪಾಯದ ಗುರುತಿನ ಹೊರತು ಬೇರೇನೂ ಕಾಣದು.

ಹಾಗಿದ್ದರೂ ಆ ಮೂಲೆಯ ಕಂಬಗಳು ಹೇಗಿದ್ದವು, ಯಾವ ಅಂತಸ್ತು ಎಲ್ಲಿ ಮುರಿದಿತ್ತು ಎಂಬುದನ್ನು ನಾವು ಬಲ್ಲೆವು. ಬಲ್ಲುದಕ್ಕೆ ಕಾರಣ, ದೂರದೇಶಗಳಿಂದ ಬಂದು ಅದರೆದುರು ಕುಳಿತ ಕೆಲವು ಚಿತ್ರಕಾರರು. ಗರಿಲೇಖನಿಯನ್ನು ಮಸಿಯಲ್ಲಿ ಅದ್ದಿ ಅವರು ಗೀಚಿಕೊಂಡ ಹಾಳೆಗಳು ಉಳಿದವು, ಕಲ್ಲು ಹೋಯಿತು.

ದನದ ಬಯಲು

ಹದಿನಾರನೆಯ ಶತಮಾನದ ರೋಮ್ ಹೇಗಿತ್ತೆಂಬುದನ್ನು ಓದುಗರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಕಾಲಕ್ಕೆ ಹತ್ತು ಲಕ್ಷದ ಆಸುಪಾಸು ಜನ ಇದ್ದಿರಬೇಕೆಂದು ಅಂದಾಜು ಮಾಡಲಾಗಿರುವ ಆ ರಾಜಧಾನಿ ಕುಗ್ಗಿ ಕುಗ್ಗಿ ಕೆಲವು ಹತ್ತು ಸಾವಿರ ಜನರ ಊರಾಗಿತ್ತು. ಹಳೆಯ ಕೋಟೆಗೋಡೆಯ ಒಳಗಿನ ಬಹುಭಾಗದಲ್ಲಿ ದ್ರಾಕ್ಷಿಯ ತೋಟಗಳೂ ಹಾಳುಬಿದ್ದ ಬಯಲೂ ಹಬ್ಬಿದ್ದವು. ಸೀಸರನ ಕಾಲದಲ್ಲಿ ಲೋಕದ ವ್ಯವಹಾರವೆಲ್ಲ ನಡೆಯುತ್ತಿದ್ದ ಫೋರಂ ಎಂಬ ಸಭಾಚೌಕಕ್ಕೆ ಜನ ಇಟ್ಟಿದ್ದ ಹೆಸರು 'ಕಾಂಪೊ ವಾಚೀನೊ', ಎಂದರೆ ದನದ ಬಯಲು. ಅಲ್ಲಿ ದನಗಳು ಮೇಯುತ್ತಿದ್ದವು, ದನದ ಸಂತೆ ಸೇರುತ್ತಿತ್ತು. ಶತಮಾನಗಳ ಮಣ್ಣು ತುಂಬಿ ನೆಲ ಮೇಲೆದ್ದಿದ್ದುದರಿಂದ ಸೆವೆರಸನ ವಿಜಯದ್ವಾರ ಅರ್ಧದವರೆಗೆ ಹೂತುಹೋಗಿತ್ತು. ದೇವಾಲಯಗಳಲ್ಲಿ ಉಳಿದಿದ್ದ ಕಂಬಗಳು ಇಲ್ಲಿ ಮೂರು, ಅಲ್ಲಿ ಎಂಟು ಎಂಬಂತೆ ನಿಂತಿದ್ದವು.

ಈ ಹಾಳು ಕೇವಲ ಕಾಲಪುರುಷನ ಕೆಲಸವಲ್ಲ. ಅಮೃತಶಿಲೆಯ ವಿಗ್ರಹಗಳನ್ನೂ ಫಲಕಗಳನ್ನೂ ಒಡೆದು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು ರೋಮಿನಲ್ಲಿ ಬಹುಕಾಲ ನಡೆದ ಕಸುಬು. ಕೊಲೊಸಿಯಂ ಎಂಬ ಮಹಾಕ್ರೀಡಾಂಗಣವಂತೂ ಊರಿಗೇ ಕಲ್ಲುಗಣಿಯಾಗಿತ್ತು. ಪ್ರಾಚೀನ ರೋಮನ್ನು ಹಾಡಿ ಹೊಗಳುತ್ತಿದ್ದ ಪುನರುಜ್ಜೀವನ ಕಾಲದ ಪೋಪರೇ ಪ್ರಾಚೀನ ರೋಮಿನ ಕಲ್ಲನ್ನು ಕೀಳಿಸುತ್ತಿದ್ದರೆಂಬುದು ವಿಚಿತ್ರವಾದರೂ ಸತ್ಯ. ಹೊಸ ರೋಮನ್ನು ಕಟ್ಟಬೇಕಾಗಿತ್ತು. ಕಲ್ಲು ಕೈಗೆಟುಕುವಲ್ಲಿ ಬಿದ್ದಿತ್ತು. ದೂರದ ಗಣಿಯಿಂದ ತರಿಸುವುದಕ್ಕಿಂತ ಖರ್ಚು ಕಡಿಮೆ. ಅಷ್ಟೇ ಅವರ ತರ್ಕ.

ಹಾಲು ಚೆಲ್ಲಿದ ಹುಡುಗ

ಇಂಥ ರೋಮಿಗೆ 1532ರಲ್ಲಿ ಹಾಲೆಂಡಿನಿಂದ ಮಾರ್ಟೆನ್ ಫಾನ್ ಹೇಮ್ಸ್‌ಕೆರ್ಕ್ ಎಂಬ ಚಿತ್ರಕಾರ ಬಂದಿಳಿದನು. ಆಗ ಅವನ ವಯಸ್ಸು ಮೂವತ್ತನಾಲ್ಕು. ಅವನದು ರೈತರ ಮನೆ. ಡಚ್ ಕಲಾವಿದರ ಚರಿತ್ರೆಯನ್ನು 1604ರಲ್ಲಿ ಪ್ರಕಟಿಸಿದ ಕಾರೆಲ್ ಫಾನ್ ಮಾಂಡರ್ ಎಂಬಾತನು ಇವನ ಬಾಲ್ಯದ ಬಗ್ಗೆ ಒಂದು ಕಥೆ ಹೇಳುತ್ತಾನೆ. ಚಿತ್ರ ಕಲಿಯಲು ಹೋಗಿದ್ದ ಮಗನನ್ನು ತಂದೆ ಹಿಂದಕ್ಕೆ ಕರೆಸಿ ಹೊಲಮನೆಯ ಕೆಲಸಕ್ಕೆ ಹಚ್ಚಿದನಂತೆ. ಒಂದು ದಿನ ಹಸು ಕರೆದು ಹಾಲು ಹೊತ್ತು ಬರುವಾಗ ಮರದ ಕೊಂಬೆಯೊಂದು ತಾಗಿ ಹಾಲೆಲ್ಲ ಚೆಲ್ಲಿಹೋಯಿತು. ತಂದೆಯ ಸಿಟ್ಟಿಗೆ ಹೆದರಿದ ಹುಡುಗ ಮನೆ ಬಿಟ್ಟು ಹೋಗಿ ಚಿತ್ರಕಾರನಾದನು. ಕಥೆಯಲ್ಲಿ ಎಷ್ಟು ಹುರುಳಿದೆಯೋ! ಅಂತೂ ದನ ಕಾಯುವ ಬದುಕನ್ನು ತೊರೆದು ಬಂದವನಿಗೆ, ಜಗತ್ತಿನ ಮಹಾರಾಜಧಾನಿಯ ನಡುವೆ ಮತ್ತೆ ದನಗಳೇ ಎದುರಾದವು.

ಚಿತ್ರಕಾರರು ರೋಮಿಗೆ ಬರುತ್ತಿದ್ದುದು ಹಾಳನ್ನು ಕಂಡು ಮರುಗುವುದಕ್ಕಲ್ಲ, ಕಲಿಯುವುದಕ್ಕೆ. ಮನುಷ್ಯದೇಹದ ಅಳತೆ, ಕಂಬಬೋದಿಗೆಗಳ ಪ್ರಮಾಣ ಇವನ್ನೆಲ್ಲ ಪ್ರಾಚೀನರಿಂದಲೇ ಕಲಿಯಬೇಕೆಂಬುದು ಅಂದಿನ ಮತ. ಊರಿಗೆ ಹಿಂದಿರುಗಿದ ಮೇಲೆ ಬಣ್ಣದ ಚಿತ್ರಗಳಲ್ಲಿ ಬಳಸಿಕೊಳ್ಳಲು ಸಾಮಗ್ರಿ ಕೂಡಿಡಬೇಕಾಗಿತ್ತು. ತನ್ನ ಊರಿನವರೊಡನೆ ಕುಡಿಯುತ್ತ ಕಾಲ ಕಳೆಯದೆ ಹೇಮ್ಸ್‌ಕೆರ್ಕ್ ನಗರದ ಒಳಹೊರಗೆಲ್ಲ ತಿರುಗಿ ಬರೆದನೆಂದು ಫಾನ್ ಮಾಂಡರ್ ಮೆಚ್ಚಿ ಹೇಳಿದ್ದಾನೆ. 1536-37ರ ಹೊತ್ತಿಗೆ ಅವನು ಹಿಂದಿರುಗಿದನು. ಅವನು ತಂದ ಹಾಳೆಗಳಲ್ಲಿ ಉಳಿದವುಗಳ ಬಹುಭಾಗ ಈಗ ಬರ್ಲಿನ್ನಿನ ಸಂಗ್ರಹಾಲಯದಲ್ಲಿ, ಎರಡು ಸಂಪುಟಗಳಲ್ಲಿ ಇವೆ. ಬೇರೆ ಕೈಗಳ ಚಿತ್ರಗಳೂ ಆ ಸಂಪುಟಗಳಲ್ಲಿ ಬೆರೆತಿವೆ. ಅವನದೇ ಆದ ಹಲವು ಹಾಳೆಗಳು ಸಾಧಾರಣ ಪುಸ್ತಕದ ಪುಟಕ್ಕಿಂತ ದೊಡ್ಡವಲ್ಲ, ಜೋಳಿಗೆಯಲ್ಲಿಟ್ಟುಕೊಂಡು ತಿರುಗಬಹುದಾದಷ್ಟು.

ಮಸಿ ಮತ್ತು ನೀರು

ಈ ಚಿತ್ರಗಳ ಉಪಕರಣಗಳ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಬಣ್ಣದ ಚಿತ್ರಕ್ಕೆ ಹಲಗೆ ಬೇಕು, ಎಣ್ಣೆ ಬೇಕು, ಒಣಗಲು ದಿನಗಳು ಬೇಕು. ಅಲೆಮಾರಿಗೆ ಅದು ಆಗದ ಮಾತು. ಹೆಬ್ಬಾತಿನ ಗರಿಯನ್ನು ಚೂಪಾಗಿ ಕೊಯ್ದ ಲೇಖನಿ, ಒಂದು ಕುಂಚ, ಒಂದು ಮಸಿಕುಡಿಕೆ, ಸ್ವಲ್ಪ ನೀರು ಇಷ್ಟಿದ್ದರೆ ಅವನ ಕೆಲಸ ಸಾಗುತ್ತಿತ್ತು. ಮೊದಲು ಲೇಖನಿಯಿಂದ ಗೆರೆ ಎಳೆಯುವುದು. ಆಮೇಲೆ ಮಸಿಯನ್ನು ನೀರಿನಲ್ಲಿ ತೆಳುವಾಗಿ ಕದಡಿ ಕುಂಚದಿಂದ ನೆರಳಿನ ಭಾಗಕ್ಕೆ ಬಳಿಯುವುದು. ಈ ತೆಳುಲೇಪಕ್ಕೇ ಇಂಗ್ಲಿಷರು 'ವಾಷ್' ಎನ್ನುತ್ತಾರೆ.

ಮಸಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನೂ ಅಂಟನ್ನೂ ಸೇರಿಸಿ ಮಾಡಿದ್ದು ಒಂದು. ಸೌದೆಯ ಹೊಗೆಯಿಂದ ಕಟ್ಟಿದ ಇಲ್ಲಣವನ್ನು ನೀರಿನಲ್ಲಿ ಕುದಿಸಿ ಸೋಸಿ ಮಾಡಿದ ಕಂದುಮಸಿ ಇನ್ನೊಂದು. ಮಾಚಿಕಾಯಿಯ ಮಸಿ ಬರೆದ ಹೊಸದರಲ್ಲಿ ಕಪ್ಪಗಿದ್ದು, ಕಾಲ ಕಳೆದಂತೆ ಕಂದಾಗುತ್ತದೆ. ಆದುದರಿಂದ ಇಂದು ಸಂಜೆಬಿಸಿಲಿನಂತೆ ಹೊಂಗಂದು ಬಣ್ಣದಲ್ಲಿ ಕಾಣುವ ಎಷ್ಟೋ ಚಿತ್ರಗಳು ಬರೆದವನ ಕಣ್ಣಿಗೆ ಹಾಗೆ ಕಂಡಿರಲಿಲ್ಲ. ಆ ಮಸಿಯಲ್ಲಿ ಆಮ್ಲವಿರುವುದರಿಂದ ಅದು ಕಾಗದವನ್ನೂ ಮೆಲ್ಲಮೆಲ್ಲನೆ ತಿನ್ನುತ್ತದೆ. ಹಾಳಿನ ಚಿತ್ರವೂ ತನ್ನಷ್ಟಕ್ಕೆ ಹಾಳಾಗುತ್ತಲೇ ಇರುತ್ತದೆ.

ಈ ವಿಧಾನಕ್ಕೂ ಹಾಳುಕಟ್ಟಡಕ್ಕೂ ಒಂದು ಒಳನಂಟು ಉಂಟು. ತೆಳುಮಸಿಯ ಚಿತ್ರದಲ್ಲಿ ಬೆಳಕನ್ನು ಬಳಿಯುವುದಿಲ್ಲ. ಬೆಳಕಿದ್ದ ಕಡೆ ಕಾಗದವನ್ನು ಬರಿದೇ ಬಿಡುತ್ತಾರೆ. ಕಮಾನು ಒಡೆದಲ್ಲಿ, ಛಾವಣಿ ಬಿದ್ದಲ್ಲಿ, ಗೋಡೆ ಬಾಯ್ದೆರೆದಲ್ಲಿ ಬಿಸಿಲು ನುಗ್ಗುತ್ತದೆ. ಅದರ ಪಕ್ಕದಲ್ಲೇ ಗಾಢವಾದ ನೆರಳು ಬೀಳುತ್ತದೆ. ಕಟ್ಟಡ ಇಡಿಯಾಗಿದ್ದರೆ ಚಿತ್ರಕಾರನಿಗೆ ಅಷ್ಟು ಬೆಳಕು ದೊರೆಯುತ್ತಿರಲಿಲ್ಲ. ಎರಡೇ ಬಳಿತದಲ್ಲಿ ಗೋಡೆಯ ದಪ್ಪವೆಷ್ಟು, ಗುಹೆಯ ಆಳವೆಷ್ಟು ಎಂಬುದು ನೋಡುವವನಿಗೆ ಗೊತ್ತಾಗುತ್ತದೆ.

ಹೊಸದೂ ಹಾಳೇ

ಹೇಮ್ಸ್‌ಕೆರ್ಕನ ಹಾಳೆಗಳಲ್ಲಿ ಸೆಪ್ಟಿಜೋನಿಯಂ ಮಾತ್ರವಲ್ಲ, ಇನ್ನೂ ಎಷ್ಟೋ ಸಾಕ್ಷ್ಯ ಅಡಗಿದೆ. ಸಂತ ಪೀಟರನ ಮಹಾಚರ್ಚಿನ ಚಿತ್ರಗಳನ್ನೇ ನೋಡಿರಿ. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನನ ಕಾಲದಲ್ಲಿ ಕಟ್ಟಿದ ಹಳೆಯ ಚರ್ಚನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸ 1506ರಲ್ಲಿ ಆರಂಭವಾಯಿತು. ಶಿಲ್ಪಿ ಬ್ರಮಾಂಟೆ 1514ರಲ್ಲಿ ತೀರಿಕೊಂಡನು. ಕೆಲಸ ಕುಂಟಿತು. 1527ರಲ್ಲಿ ಚಕ್ರವರ್ತಿಯ ಸೈನಿಕರು ನಗರವನ್ನೇ ಸೂರೆ ಮಾಡಿದರು. ಹೇಮ್ಸ್‌ಕೆರ್ಕ್ ಕಂಡಾಗ ಹಳೆಯ ಚರ್ಚಿನ ಮುಂಭಾಗ ಇನ್ನೂ ನಿಂತಿತ್ತು. ಹಿಂಭಾಗದಲ್ಲಿ ಬ್ರಮಾಂಟೆಯ ದೈತ್ಯಕಮಾನುಗಳು ಛಾವಣಿಯಿಲ್ಲದೆ ಆಕಾಶಕ್ಕೆ ಬಾಯ್ದೆರೆದಿದ್ದವು. ಚಿತ್ರವನ್ನು ನೋಡಿದರೆ ಯಾವುದು ಬೀಳುತ್ತಿದೆ, ಯಾವುದು ಏಳುತ್ತಿದೆ ಎಂದು ಹೇಳುವುದು ಕಷ್ಟ. ಹೊಸ ಚರ್ಚು ಪ್ರತಿಷ್ಠೆಯಾದದ್ದು 1626ರಲ್ಲಿ. ನಡುವಿನ ನೂರಿಪ್ಪತ್ತು ವರ್ಷಗಳ ಆ ಸ್ಥಿತಿ ಕಣ್ಣಿಗೆ ಕಟ್ಟುವಂತೆ ತಿಳಿಯುವುದು ಇಂಥ ಹಾಳೆಗಳಿಂದಲೇ.

ಇನ್ನೊಂದು ಹಾಳೆ ಇದಕ್ಕಿಂತ ಸ್ವಾರಸ್ಯದ್ದು. ಯಾಕೊಪೊ ಗಾಲಿ ಎಂಬ ಶ್ರೀಮಂತನ ಮನೆತನದ ತೋಟ. ಅಲ್ಲಲ್ಲಿ ಮುರಿದ ಪ್ರಾಚೀನ ಶಿಲ್ಪಗಳು, ತಲೆಯಿಲ್ಲದ ಮುಂಡಗಳು. ಅವುಗಳ ನಡುವೆ ನಿಂತಿದೆ ಮದ್ಯದೇವತೆ ಬ್ಯಾಕಸನ ಪ್ರತಿಮೆ. ಬಲಗೈ ಮುರಿದಿದೆ. ಅದನ್ನೂ ಪ್ರಾಚೀನ ಶಿಲ್ಪವೆಂದೇ ನೋಡಿದವರು ತಿಳಿದಾರು. ಆದರೆ ಅದು ಮೈಕೆಲೆಂಜೆಲೊ ಎಳೆಯ ವಯಸ್ಸಿನಲ್ಲಿ ಕೆತ್ತಿದ ಪ್ರತಿಮೆ. ಆಗಿನ್ನೂ ನಲವತ್ತು ವರ್ಷವೂ ಆಗಿರಲಿಲ್ಲ, ಕೆತ್ತಿದಾತ ಬದುಕಿದ್ದನು! ಇಂದು ಅದು ಫ್ಲಾರೆನ್ಸಿನಲ್ಲಿ ಇಡಿಯಾದ ಕೈಯೊಂದಿಗೆ ನಿಂತಿದೆ. ಒಂದು ಕಾಲದಲ್ಲಿ ಆ ಕೈ ಇರಲಿಲ್ಲವೆಂಬುದಕ್ಕೆ ಡಚ್ಚನ ಹಾಳೆ ಸಾಕ್ಷಿ.

ಹಕ್ಕಿಗಳ ಬಳಗ

ಹೇಮ್ಸ್‌ಕೆರ್ಕನ ಹಿಂದೆ ಒಬ್ಬರಾದ ಮೇಲೊಬ್ಬರು ಬಂದರು. 1551ರಲ್ಲಿ ಆಂಟ್ವರ್ಪಿನ ಹಿರೋನಿಮಸ್ ಕಾಕ್ ರೋಮಿನ ಹಾಳುಗಳ ಮುದ್ರಿತ ಚಿತ್ರಮಾಲೆಯನ್ನೇ ಹೊರತಂದುದರಿಂದ, ಆಲ್ಪ್ಸ್ ದಾಟಲಾಗದವರ ಮನೆಗೂ ಹಾಳುರೋಮ್ ತಲುಪಿತು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ರೋಮಿನಲ್ಲಿದ್ದ ಡಚ್ ಮತ್ತು ಫ್ಲೆಮಿಷ್ ಕಲಾವಿದರು ತಮ್ಮದೇ ಒಂದು ಬಳಗ ಕಟ್ಟಿಕೊಂಡರು. 'ಬೆಂಟ್‌ಫ್ಯೂಗೆಲ್ಸ್' ಎಂದರೆ ಒಂದೇ ಗುಂಪಿನ ಹಕ್ಕಿಗಳು ಎಂದು ಅದರ ಹೆಸರು. ಹೊಸಬನಿಗೆ ಅಡ್ಡಹೆಸರಿಟ್ಟು, ಅವನ ಖರ್ಚಿನಲ್ಲೇ ರಾತ್ರಿಯಿಡೀ ದ್ರಾಕ್ಷಾರಸ ಕುಡಿದು, ಬೆಳಗಿನ ಜಾವ ಸಾಂತಾ ಕೊಸ್ತಾಂಜಾ ಚರ್ಚಿಗೆ ಮೆರವಣಿಗೆ ಹೋಗುವುದು ಅವರ ದೀಕ್ಷಾವಿಧಿ. ಅಲ್ಲಿದ್ದ ಪ್ರಾಚೀನ ಶವಪೆಟ್ಟಿಗೆಯ ಮೇಲೆ ದ್ರಾಕ್ಷಿಬಳ್ಳಿ ಕೆತ್ತಿದ್ದುದರಿಂದ ಅದನ್ನು ಬ್ಯಾಕಸನ ಸಮಾಧಿಯೆಂದು ಅವರು ಕರೆಯುತ್ತಿದ್ದರು. ಅಲ್ಲಿನ ಗೋಡೆಯಲ್ಲಿ ಅವರು ಗೀರಿದ ಹೆಸರುಗಳು ಇನ್ನೂ ಕಾಣುತ್ತವೆ. ಹಾಳುಗೋಡೆಗಳ ಮೇಲೆ ಹೆಸರು ಕೆತ್ತುವ ದುರಭ್ಯಾಸ ನಮ್ಮ ಕಾಲದ ಪ್ರವಾಸಿಗಳೇ ಕಂಡುಹಿಡಿದದ್ದಲ್ಲವೆಂದು ಸಮಾಧಾನಪಡಬಹುದು! 1720ರಲ್ಲಿ ಪೋಪರ ಆಜ್ಞೆಯಿಂದ ಆ ಬಳಗ ಮುಚ್ಚಿತು.

ಕುಡಿತದ ಮರುದಿನ ಈ ಹಕ್ಕಿಗಳು ಕೆಲಸಕ್ಕೂ ಕೂಡುತ್ತಿದ್ದವು. ಅವರಲ್ಲಿ ಬಾರ್ಥೊಲೊಮಿಯಸ್ ಬ್ರೇನ್‌ಬರ್ಖ್ ಎಂಬಾತ ಮುಖ್ಯನು. 1619ರ ಸುಮಾರಿಗೆ ಬಂದು ಹತ್ತು ವರ್ಷ ರೋಮಿನಲ್ಲಿದ್ದನು. ಅವನ ಹಾಳೆಗಳಲ್ಲಿ ಕಟ್ಟಡದ ವಿವರಕ್ಕಿಂತ ಬಿಸಿಲೇ ನಾಯಕ. ಕಂದುಮಸಿಯ ನಾಲ್ಕಾರು ಲೇಪಗಳ ನಡುವೆ ಬರಿದೇ ಬಿಟ್ಟ ಬಿಳಿಯ ಕಾಗದ ಇಟಲಿಯ ಮಧ್ಯಾಹ್ನದಂತೆ ಕಣ್ಣು ಕುಕ್ಕುತ್ತದೆ. ಮೋಡ ಮುಸುಕಿದ ಸೀಮೆಯಿಂದ ಬಂದವನಿಗೆ ಆ ಬಿಸಿಲೇ ಒಂದು ಸೋಜಿಗವಾಗಿದ್ದಿರಬೇಕು.

ಸಾಕ್ಷಿಯನ್ನು ನಂಬಬಹುದೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಲಾವಿದನು ಕಂಡದ್ದನ್ನೇ ಬರೆದನೆಂದು ಹೇಗೆ ನಂಬುವುದು? ಚಿತ್ರದ ಅಂದಕ್ಕಾಗಿ ಒಂದು ಕಂಬ ಕೂಡಿಸಿದರೆ, ಒಂದು ಗೋಡೆ ಕಳೆದರೆ ಅವನನ್ನು ತಡೆಯುವವರಾರು? ಈ ಶಂಕೆ ಸಾಧುವಾದದ್ದೇ. ಊರಿಗೆ ಹಿಂದಿರುಗಿದ ಬ್ರೇನ್‌ಬರ್ಖ್ ತನ್ನ ರೋಮನ್ ಹಾಳುಗಳನ್ನು ಬೈಬಲಿನ ಕಥೆಗಳಿಗೆ ಹಿನ್ನೆಲೆಯಾಗಿ ಜೋಡಿಸಿದನು. ಹದಿನೆಂಟನೆಯ ಶತಮಾನದ ಪಾನೀನಿಯಂತೂ ನಗರದ ಬೇರೆಬೇರೆ ಮೂಲೆಗಳಲ್ಲಿರುವ ಪಾಂಥಿಯನ್, ಕೊಲೊಸಿಯಂ, ಟ್ರೇಜನನ ಕಂಬ ಇವನ್ನೆಲ್ಲ ಒಂದೇ ಬಯಲಿನಲ್ಲಿ ತಂದು ನಿಲ್ಲಿಸಿದನು. ಕೊಳ್ಳುವ ಪ್ರವಾಸಿಗೆ ಒಂದೇ ಚಿತ್ರದಲ್ಲಿ ರೋಮೆಲ್ಲ ದೊರೆಯಬೇಕಲ್ಲವೆ?

ಆದರೆ ಮಾರಾಟಕ್ಕೆ ಸಿದ್ಧಪಡಿಸಿದ ಚಿತ್ರ ಬೇರೆ, ದಾರಿಯಲ್ಲಿ ಕುಳಿತು ತನಗಾಗಿ ಬರೆದುಕೊಂಡ ಹಾಳೆ ಬೇರೆ. ಎರಡನೆಯದರಲ್ಲಿ ಯಾರನ್ನೂ ಮೆಚ್ಚಿಸುವ ಹಂಗಿಲ್ಲ. ಚರಿತ್ರಕಾರರು ಈ ಸಾಕ್ಷಿಗಳನ್ನು ನ್ಯಾಯಾಲಯದ ಪಾಟೀಸವಾಲಿನಂತೆ ಒಂದಕ್ಕೊಂದು ಒರೆಹಚ್ಚಿ ನೋಡುತ್ತಾರೆ. ಒಬ್ಬರನ್ನೊಬ್ಬರು ಕಾಣದ ಚಿತ್ರಕಾರರು ಬೇರೆಬೇರೆ ವರ್ಷಗಳಲ್ಲಿ, ಬೇರೆಬೇರೆ ಕಡೆಯಿಂದ ಬರೆದಾಗಲೂ ಮುರಿದ ಮೂಲೆ ಒಂದೇ ರೀತಿ ಕಂಡರೆ, ಅದು ಹಾಗೇ ಇದ್ದಿತೆನ್ನಲು ಅಡ್ಡಿಯಿಲ್ಲ. 1606ರಲ್ಲಿ ಪೋಪ್ ಐದನೆಯ ಪಾಲ್ ಒಂದು ಕಾರಂಜಿಗೆ ಅಮೃತಶಿಲೆ ಬೇಕೆಂದು ಕೆಡವಿಸಿದ ಮಿನರ್ವಾದೇವಿಯ ಗುಡಿಯ ಹೊರರೂಪವನ್ನೂ ಹಳೆಯ ಚಿತ್ರಗಳಿಂದಲೇ ತಿಳಿಯಬೇಕಾಗಿದೆ.

ಕೆಡವಿದವರಷ್ಟೇ ಅಲ್ಲ, ಕಾಪಾಡಹೊರಟವರೂ ಕೆಲವನ್ನು ಅಳಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫೋರಂ ಬಯಲನ್ನು ಅಗೆದು ಹಳೆಯ ನೆಲವನ್ನು ಹೊರತೆಗೆದರು. ದನದ ಬಯಲು ಮಾಯವಾಯಿತು. ಕೊಲೊಸಿಯಂ ಗೋಡೆಗಳಲ್ಲಿ ಬೆಳೆದಿದ್ದ 420 ಜಾತಿಯ ಸಸ್ಯಗಳನ್ನು ರಿಚರ್ಡ್ ಡೀಕಿನ್ ಎಂಬ ಆಂಗ್ಲ ವೈದ್ಯ 1855ರಲ್ಲಿ ಒಂದು ಪುಸ್ತಕದಲ್ಲಿ ಪಟ್ಟಿಮಾಡಿದನು. ಮುಂದಿನ ಎರಡು ದಶಕಗಳೊಳಗೆ ಅವನ್ನು ಕಿತ್ತು ಗೋಡೆಗಳನ್ನು ಚೊಕ್ಕಟಗೊಳಿಸಿದರು. ಕಟ್ಟಡದ ಹಿತಕ್ಕೆ ಅದು ಬೇಕಾಗಿಯೂ ಇತ್ತು. ಆದರೆ ಸಾವಿರ ವರ್ಷ ಜನ ಕಂಡ ರೋಮ್, ಅಂದರೆ ಪೊದೆ ಬೆಳೆದ, ಅರ್ಧ ಹೂತ, ಕಂಬದ ನೆರಳಿನಲ್ಲಿ ದನ ಮಲಗಿದ್ದ ರೋಮ್, ಈಗಿರುವುದು ಮಸಿಯ ಚಿತ್ರಗಳಲ್ಲಿ ಮಾತ್ರ.

ಫ್ರಾನ್ಸಿನ ಯೂಬೇರ್ ರೊಬೇರ್ 1754ರಿಂದ 1765ರವರೆಗೆ ಇಟಲಿಯಲ್ಲಿದ್ದು ಈ ಹಾಳುಗಳನ್ನು ನೂರಾರು ಹಾಳೆಗಳಲ್ಲಿ ತುಂಬಿಕೊಂಡನು. ಕಮಾನಿಗೆ ಹಗ್ಗ ಕಟ್ಟಿ ಬಟ್ಟೆ ಹರವುವ ಅಗಸಗಿತ್ತಿಯರು ಅವನಿಗೆ ಪ್ರಿಯ. ಪ್ಯಾರಿಸಿನಲ್ಲಿ ಲೂವ್ರ್ ಅರಮನೆಯನ್ನು ವಸ್ತುಸಂಗ್ರಹಾಲಯವಾಗಿ ರೂಪಿಸುವ ಕೆಲಸದಲ್ಲಿ ಪಾಲುಗೊಂಡಿದ್ದ ಈತ, 1796ರಲ್ಲಿ ಅದೇ ಲೂವ್ರಿನ ದೊಡ್ಡ ಹಜಾರ ಹಾಳುಬಿದ್ದಂತೆ ಕಲ್ಪಿಸಿ ಒಂದು ಬಣ್ಣದ ಚಿತ್ರ ಬರೆದನು. ಛಾವಣಿ ಕುಸಿದಿದೆ, ಆಕಾಶ ಕಾಣುತ್ತಿದೆ. ಅವಶೇಷಗಳ ನಡುವೆ ಉಳಿದ ಅಪೊಲೊ ವಿಗ್ರಹದ ಮುಂದೆ ಒಬ್ಬ ಚಿತ್ರಕಾರ ಕುಳಿತು ಬರೆದುಕೊಳ್ಳುತ್ತಿದ್ದಾನೆ. ಹಾಳನ್ನು ಬಹುಕಾಲ ನೋಡಿದವನಿಗೆ ತನ್ನ ಕಾಲದ ಹೆಮ್ಮೆಯ ಕಟ್ಟಡವೂ ಹಾಗೆಯೇ ಕಂಡಿತು.

ನಮ್ಮ ನಾಡಿಗೆ ಬಂದಾಗ

ರೋಮಿನ ಬಯಲಿನಲ್ಲಿ ಬೆಳೆದ ಈ ಕಣ್ಣೇ ಮುಂದೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತು. ವಿಲಿಯಂ ಹಾಡ್ಜಸ್ 1780ರಿಂದ 1783ರವರೆಗೆ ಉತ್ತರ ಭಾರತದಲ್ಲಿ ತಿರುಗಿ ಚಿತ್ರಿಸಿದನು. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ 1786ರಲ್ಲಿ ಕಲ್ಕತ್ತೆಗೆ ಬಂದಿಳಿದರು. ಮೂರನೆಯ ಮೈಸೂರು ಯುದ್ಧ ಮುಗಿದ 1792ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯ ಬೆಟ್ಟದ ಕೋಟೆಗಳನ್ನು ಕಂಡು ಬರೆದುಕೊಂಡರು. ಅವರ 144 ಮುದ್ರಿತ ಚಿತ್ರಗಳು ಅಕ್ವಾಟಿಂಟ್ ಎಂಬ ವಿಧಾನದವು. ತೆಳುಮಸಿಯ ಲೇಪವನ್ನು ತಾಮ್ರದ ತಗಡಿನಿಂದಲೇ ಮುದ್ರಿಸಲು ಸಾಧ್ಯವಾಗಬೇಕೆಂದು ಬೆಳೆಸಿದ ವಿಧಾನವದು. ಹದಿನೆಂಟನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿಗೆ ಕಾಲಿನ್ ಮೆಕೆಂಜಿ ಹಂಪೆಗೆ ಹೋಗಿ ಅದರ ನಕ್ಷೆ ತಯಾರಿಸಿದನು.

ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅರಿಯದ ಕನ್ನಡಿಗರಿಲ್ಲ; ಐವತ್ತು ರೂಪಾಯಿ ನೋಟಿನ ಮೇಲೂ ಅದು ಮೂಡಿದೆ. ಅದರ ನೆತ್ತಿ ಮೊದಲಿಂದಲೂ ಹೀಗೆ ಬೋಳಾಗಿತ್ತೆಂದೇ ಬಹುಮಂದಿ ತಿಳಿದಿದ್ದಾರೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಕಾಗದದ ನೆಗೆಟಿವ್ ಬಳಸಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೊಂದು ಇಟ್ಟಿಗೆಯ ಶಿಖರ ಸ್ಪಷ್ಟವಾಗಿದೆ. ಶಿಖರ ಹೋಯಿತು, ಕಾಗದ ಉಳಿಯಿತು. ಸೆಪ್ಟಿಜೋನಿಯಂ ಕಥೆ ನಮ್ಮ ಮನೆಯಂಗಳದಲ್ಲೇ ನಡೆದಿದೆ.

ಚಿತ್ರ ಬರೆದುದರಿಂದ ಕಟ್ಟಡ ಉಳಿಯುವುದಿಲ್ಲ. ಹೇಮ್ಸ್‌ಕೆರ್ಕ್ ಬರೆದ ಐವತ್ತು ವರ್ಷಗಳಿಗೆ ಸೆಪ್ಟಿಜೋನಿಯಂ ನೆಲಸಮವಾಯಿತಲ್ಲವೆ? ಆದರೆ ಹೋದದ್ದು ಏನು, ಎಷ್ಟು ಎಂದು ಲೆಕ್ಕ ಹಿಡಿಯಲು ಒಂದು ದಾಖಲೆ ಬೇಕು. ಅದಿಲ್ಲದಿದ್ದರೆ ಕಳೆದುಕೊಂಡೆವೆಂಬ ಅರಿವೂ ಕಳೆದುಹೋಗುತ್ತದೆ. ರೋಮಿನವರಿಗೆ ಆ ಕಂಬಗಳು ದಿನನಿತ್ಯದವು. ನೋಡಿ ನೋಡಿ ಕಣ್ಣಿಗೆ ಬೀಳದಂತಾಗಿದ್ದವು. ನಮ್ಮ ಹಳ್ಳಿಗಳಲ್ಲೂ ಊರಾಚೆಯ ಪಾಳುಗುಡಿಯ ಕಂಬ ಹೊಲದ ಒಡ್ಡಿಗೆ ಸೇರುತ್ತದೆ, ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಯಾರಿಗೂ ಅದು ಸುದ್ದಿಯಲ್ಲ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಛಾಯಾಯಂತ್ರವುಳ್ಳ ಫೋನಿದೆ. ಅದನ್ನು ಗುಡಿಯ ಮುಂದೆ ನಿಂತ ನಮ್ಮ ಕಡೆಗಲ್ಲದೆ, ಒಮ್ಮೆ ಗುಡಿಯ ಬಿರುಕುಬಿಟ್ಟ ಗೋಡೆಯ ಕಡೆಗೂ ತಿರುಗಿಸಬಹುದು. ತೆಗೆದ ಚಿತ್ರದ ಜೊತೆಗೆ ಊರು, ದಿನಾಂಕ ಗುರುತು ಹಾಕಿಡಬಹುದು. ಕೈ ಪಳಗಿದವರು ಒಂದು ಹಾಳೆ, ಒಂದು ಸೀಸದಕಡ್ಡಿ ಹಿಡಿದು ಒಂದು ಗಂಟೆ ಅದರೆದುರು ಕುಳಿತರಂತೂ ಫೋನಿಗೆ ಕಾಣದ ಎಷ್ಟೋ ಸಂಗತಿಗಳು ಕಂಡಾವು.